ಇಪ್ಪತ್ತೆರಡನೆಯ ದಿನ

ಹದಿನೆಂಟು ಮೊಟ್ಟೆ, ಗಂಡಸಿ ಸಂತೆಯವು.
ಔಷಧಿ ಅಂಗಡಿಯವರು ಬಿಸಾಕಿದ ಥರ್ಮಾಕೋಲ್ ಪೆಟ್ಟಿಗೆ,
ನಲವತ್ತು ಕ್ಯಾಂಡಲ್ ಬಲ್ಬು,
ಸತ್ತ ಕಂಪ್ಯೂಟರಿನ ಫ್ಯಾನು, ಒಂದು ಬಟ್ಟಲು ನೀರು.
ಅರಸೀಕೆರೆಯ ರೈಲ್ವೆ ಗೇಟಿನ ಪಕ್ಕ
ವಾಚು ರಿಪೇರಿಯವನ ಮನೆಗೆ
ಕಾವು ಕೂರಲು ಬೇರೆ ಯಾವ ಹೇಂಟೆ ಒಪ್ಪೀತು?

ನಿನ್ನೆ ಹನ್ನೊಂದು ಹೊರಬಂದವು.
ಒದ್ದೆ ಬತ್ತಿಯ ಹಾಗೆ ಬಿದ್ದಿದ್ದು, ಗಂಟೆ ಕಳೆದು ಎದ್ದು,
ಒಂದರ ಬೆನ್ನಿನ ಮೇಲೊಂದು ಕಾಲಿಟ್ಟು ಜಗಳ ತೆಗೆದವು.
ಐದು, ಟಾರ್ಚು ಹಿಡಿದ ದಿನವೇ ಖಾಲಿ.
ಉಳಿದದ್ದು ಎರಡು.

ಒಂದು ಸುಮ್ಮನಿದೆ.
ಇನ್ನೊಂದು, ನಿನ್ನೆ ಮಧ್ಯಾಹ್ನವೇ ಒಳಗಿನಿಂದ ತಟ್ಟಿ
ಅಕ್ಕಿಕಾಳಿನಷ್ಟು ಬಿರುಕು ಬಿಟ್ಟು
ಅಲ್ಲಿಗೇ ನಿಂತಿದೆ.
ಕಿವಿಗೆ ಹಿಡಿದರೆ ಟಿಕ್.
ಬಹಳ ಹೊತ್ತು ಬಿಟ್ಟು
ಇನ್ನೊಂದು ಟಿಕ್.
ಮೂವತ್ತೊಂದು ವರ್ಷ ಇಂಥದ್ದಕ್ಕೆ ಕಿವಿ ಕೊಟ್ಟವನು ನಾನು:
ಇದು ಕೀಲಿ ಮುಗಿಯುತ್ತಿರುವ ಸದ್ದು.

ತಡ ಯಾಕೆಂದು ಗೊತ್ತು.
ಒಂಬತ್ತನೆಯ ದಿನ ಐದು ಗಂಟೆ ಕರೆಂಟು ಹೋಗಿತ್ತು.
ಬಿಸಿನೀರಿನ ಬಾಟಲಿ ಇಟ್ಟೆವು, ಮೇಲೊಂದು ಶಾಲು ಹೊದಿಸಿದೆವು,
ಅಂಚಿನಲ್ಲಿದ್ದ ಈ ಎರಡಕ್ಕೆ ಸಾಲಲಿಲ್ಲ.
ಹಿಂದೆ ಬಿದ್ದ ವಾಚಿಗಾದರೆ ತಲೆ ತಿರುವಿದರೆ ಸಾಕು,
ಮುಳ್ಳು ಮುಂದಕ್ಕೆ ಬರುತ್ತದೆ.
ಮೊಟ್ಟೆಗೆ ಆ ತಲೆಯಿಲ್ಲ.

‘ಒಡೆದು ತೆಗೀರಿ ಅತ್ಲಾಗೆ’ ಎಂದಳು ಸರ್ವಮಂಗಳ,
‘ಕೋಳಿ ಕೇಳಿ ಮಸಾಲೆ ಅರೀತಾರಾ?’
ಮಹಡಿ ಮನೆಯ ಸಬೀಹಾ ಶಾಲೆ ತಪ್ಪಿಸಿ
ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿ ಕೂತಿದ್ದಾಳೆ.

ಹೋದ ಸಲ ಒಡೆದಿದ್ದೆ.
ಉಸಿರು ಬಿಡದೆ ಕೂದಲೆಳೆಯ ಸ್ಪ್ರಿಂಗು ಎತ್ತಿಡುವ ಕೈ,
ಸಿಪ್ಪೆ ಅಂದವಾಗಿಯೇ ಬಿಟ್ಟುಬಂತು.
ಮರಿಯ ಹೊಟ್ಟೆಯಿಂದ ಹಳದಿ ಚೀಲ
ಇನ್ನೂ ಹೊರಗೇ ಜೋತಿತ್ತು.
ಒಳಗೆ ಎಳೆದುಕೊಳ್ಳಲು ಅದಕ್ಕೊಂದು ರಾತ್ರಿ ಬೇಕಿತ್ತು,
ಆ ರಾತ್ರಿಯನ್ನು ನಾನು ಸಿಪ್ಪೆಯ ಜೊತೆ ಸುಲಿದಿದ್ದೆ.
ಬೇವಿನ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದು, ಅಂಗಡಿ ತೆರೆದೆ.
ಆ ಸಂಜೆ ಮುಟ್ಟಿದ ವಾಚುಗಳೆಲ್ಲ ಸರಿಯಾಗಿ ನಡೆದವು.
ಅದೇ ಬೇಜಾರು.

ಈ ಸಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಬಿರುಕಿನ ಅಂಚಿಂದ ಒಂದು ಚೂರು, ಇನ್ನೊಂದು ಚೂರು.
ಒಳಪೊರೆ ಹಳೇ ರಸೀದಿಯ ಹಾಗೆ ಒಣಗಿ
ಮರಿಯ ಮೈಗೇ ಅಂಟಿದೆ.
ಹತ್ತಿಕಡ್ಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಸವರಿದೆ.
ಬಿಳುಪು ಕರಗಿತು, ಒಳಗೊಂದು ಕೆಂಪು ದಾರ ಕಂಡಿತು,
ಕವಲೊಡೆದು ಎರಡು. ರಕ್ತ ಇನ್ನೂ ಓಡಾಡುತ್ತಿದೆ.
ಕೊಕ್ಕಿಗೆ ಗಾಳಿ ಸಿಗುವಷ್ಟು ತೂತು ಬಿಟ್ಟು
ಚಿಮಟ ಕೆಳಗಿಟ್ಟೆ.

‘ಅಷ್ಟೇನಾ ಅಂಕಲ್?’
ಅಷ್ಟೇ.

ಹತ್ತೂವರೆಯ ರೈಲಿಗೆ ಬಟ್ಟಲ ನೀರು ನಡುಗಿತು.
ಆಮೇಲೆ ಒಂದು ಗೂಡ್ಸು, ಉದ್ದದ್ದು,
ಲೆಕ್ಕ ಹಾಕಿದೆ, ಐವತ್ತೆಂಟು ಬೋಗಿ.
ಮುಚ್ಚಳ ತೆಗೆದರೆ ತೇವ ಹೋಗುತ್ತದೆಂದು
ಎರಡೂ ಕೈ ತೊಡೆ ಕೆಳಗಿಟ್ಟು ಕೂತೆ.
ಸರ್ವಮಂಗಳ ಮಾತಾಡದೆ ಚಾ ತಂದಿಟ್ಟಳು,
ತಾನೂ ಕೂತಳು.

ನಾಲ್ಕಕ್ಕೆ ಟಾರ್ಚು ಬಿಟ್ಟರೆ ದಾರಗಳಿಲ್ಲ.
ಬಿರುಕು ಅರ್ಧ ಸುತ್ತು ಬಂದು ಸುಸ್ತಾಗಿ ನಿಂತಿದೆ.
ಈಗ ಉಗುರು ಹಾಕಿದೆ, ವಾಚಿನ ಹಿಂಬದಿಯ ಮುಚ್ಚಳ ಎತ್ತುವ ಹಾಗೆ.
ಟೋಪಿ ಬಂತು.
ಉಳಿದ ಅರ್ಧವನ್ನು ನಾನು ಮುಟ್ಟಲಿಲ್ಲ,
ಬೆಳಗಿನ ಪ್ಯಾಸೆಂಜರ್ ಬರುವಷ್ಟರಲ್ಲಿ
ಅದೇ ಒದ್ದು ಆಚೆ ಹಾಕಿತ್ತು.

ಒಂದು ಕಾಲು ಪಕ್ಕಕ್ಕೆ ಜಾರುತ್ತದೆ.
ಹಳೇ ಲೇಡೀಸ್ ವಾಚಿನ ಪಟ್ಟಿ ಸೀಳಿ
ಎರಡೂ ಕಾಲಿಗೆ ಸಡಿಲವಾಗಿ ಬಿಗಿದಿದ್ದೇನೆ.
ಸಬೀಹಾ ಅದಕ್ಕೆ ಲೇಟಮ್ಮ ಎಂದು ಹೆಸರಿಟ್ಟಳು.
ಹುಂಜವಾದರೆ? ‘ಆದಾಗ ನೋಡಣ.’

ಸುಮ್ಮನಿದ್ದ ಮೊಟ್ಟೆ ಇನ್ನೂ ಪೆಟ್ಟಿಗೆಯಲ್ಲಿದೆ.
ಕಿವಿಗೆ ಹಿಡಿದೆ. ಏನೋ ಕೇಳಿತು,
ನನ್ನ ಕೈಗಡಿಯಾರವಿರಬೇಕು.
ಬಲ್ಬು ಆರಿಸಿಲ್ಲ.
ರಿಪೇರಿಗೆ ಕೊಟ್ಟವರು ಬಾಗಿಲಿಗೆ ಬಂದಿದ್ದರು,
ನಾಳೆ ಬನ್ನಿ ಎಂದೆ.